ಕರೆವ್ವನ ಅಳತಿ

ಹ್ವಾದ ವಾರ ಮಗಳು ನನ್ನ ದವಾಖಾನಿಗೆ ಕರಕೊಂಡ ಹೋಗಿದ್ಲು. ಮೊಣಕಾಲ ನೋವಿಗೆ ಸೂಜಿ ಮಾಡಸಾಕ. ಅಲ್ಲಿ ಹುಡಿಗಿ ಹತ್ತಿಗೆ ಸ್ಪಿರಿಟ್ ಹಚ್ಚಿ ನನ್ನ ತೋಳ ಒರಸಿದ್ಲು. ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ಸೂಜಿ ಚುಚ್ಚಿದ್ದ ನನಗ ಗೊತ್ತಾಗಲಿಲ್ಲ. "ಅಜ್ಜಿ, ಆತ್ರಿ, ಏಳ್ರಿ" ಅಂತ ಆಕಿ ಅಂದ್ರೂ ಕುಂತ ಬಿಟ್ಟಿದ್ದೆ. ಮಗಳು, "ಯವ್ವಾ, ಚಕ್ಕರ್ ಬಂತೇನ?" ಅಂದ್ಲು. ಏನೂ ಬಂದಿಲ್ಲ ನಡಿ ಅಂದೆ. ಬಂದದ್ದು ಕರೆವ್ವ. ಅದನ್ನ ಆಕಿಗೆ ಹೇಳಿ ಏನ ಮಾಡೂದು.

ಕರೆವ್ವ ಅಂದ್ರ ಒಂದು ಉಗಿ ಇಂಜಿನ್ನು. ಖಾನಾಪುರದ ಹೊರಗ ಒಂದು ಹಂಚಿನ ಕಾರ್ಖಾನಿ ಇತ್ತು. ಹೊಳಿ ಬಾಜೂಕ ಅಗದ ಮಣ್ಣು ಕಾರ್ಖಾನಿಗೆ ತರಾಕ ಸಣ್ಣ ಹಳಿ ಹಾಕಿದ್ರು. ದೊಡ್ಡ ರೈಲಿನ ಹಳಿ ಅಲ್ಲ. ಎರಡು ಹಳಿ ನಡುವ ಒಂದು ಎಮ್ಮಿ ಸೈತ ಸರಿಯಾಗಿ ನಿಲ್ಲಾಕ ಆಗತಿರಲಿಲ್ಲ. ಆ ಹಳಿ ಮ್ಯಾಲೆ ಮಣ್ಣಿನ ಡಬ್ಬಿ ಎಳೀತಿದ್ದಾಕಿ ಕರೆವ್ವ. ಆ ಹೆಸರ ಇಟ್ಟಾಂವ ನನ್ನ ಗಂಡ. ಅಂವನ ಅದರ ಡ್ರೈವರ್.

ಅಂವ ಬಾಯಿಬಡಕ. ಮುಂಜಾನೆದ್ದು ಅದರ ಹೊಟ್ಟಿಗೆ ಬೆಂಕಿ ಹಾಕೂ ಮುಂದ ಸುರು ಆದ್ರ ಸಂಜಿ ತನಕ ಅದರ ಜೋಡಿ ಮಾತು. "ಕರೆವ್ವಾ, ಇವತ್ತ ಯಾರ ಮ್ಯಾಲಿನ ಸಿಟ್ಟ ನಿಂದು? ನಡಿ ನಮ್ಮವ್ವಾ, ಏರ ಬಂತು, ಉಸರ ಹಿಡಿ." ಓಣಿ ಹೆಂಗಸ್ರು ನನಗ, "ಗಂಗವ್ವಾ, ನಿನ್ನ ಸವತಿ ಕೂಗಾಕತ್ತಾಳ ನೋಡ" ಅಂತಿದ್ರು. ಮನಿಗೆ ಬಂದ ಮ್ಯಾಲೆ ಉಳದ ಮಾತು ನನ್ನ ಜೋಡಿ. ಯಾವ ಡಬ್ಬಿ ಹಳಿ ಬಿಟ್ಟ ಇಳೀತು, ಹೊಳ್ಯಾಗ ಎಷ್ಟ ನೀರ ಏರೇತಿ, ಯಾರ ಆಕಳು ಹಳಿ ಮ್ಯಾಲೆ ನಿಂತು ಕದಲಲಿಲ್ಲ. ನಾ ರೊಟ್ಟಿ ಬಡಕೋತ, "ರೊಟ್ಟಿ ಹೋಗಾಕರೆ ಬಾಯಾಗ ಜಾಗಾ ಇಡ್ರಿ" ಅಂತಿದ್ದೆ.

ಮುಂದ ಲಾರಿ ಬಂದ್ವು. ಲಾರಿ ಹೊಳಿ ದಂಡಿ ತನಕ ಹೋಗಾಕ ರಸ್ತೆ ಆತು. ಇಂಜಿನ್ ಶೆಡ್ಡಿನ್ಯಾಗ ನಿಂತಿತು, ಹಳಿ ಮ್ಯಾಲೆ ಹುಲ್ಲ ಬೆಳೀತು. ಮಾಲಕರು, ಬ್ಯಾರೆ ಕೆಲಸ ನೋಡ್ಕೋ ಅಂದ್ರು. ಮಗಳನ್ನ ಧಾರವಾಡದ ಕಡೆ ಕೊಟ್ಟ ಆಗಿತ್ತು. ಇಬ್ಬರೂ ಗಂಟ ಕಟಗೊಂಡು ಬೆಳಗಾವಿಗೆ ಬಂದ್ವಿ. ಎಪ್ಪತ್ತನೆ ಇಸವಿ ದಾಟಿ ಭಾಳ ದಿನ ಆಗಿತ್ತು, ಎಂಬತ್ತ ಇನ್ನೂ ಬಂದಿರಲಿಲ್ಲ. ರವಿವಾರ ಪೇಟೆ ಹಿಂದಿನ ಗಲ್ಲಿಯೊಳಗ ಒಂದ ಚಾಳಿನ್ಯಾಗ ಖೋಲಿ ಹಿಡದ್ವಿ. ಒಂದು ಫೌಂಡ್ರಿಯೊಳಗ ಇಬ್ಬರಿಗೂ ಕೆಲಸ ಸಿಕ್ಕಿತು. ಅಚ್ಚಿಗೆ ಹಾಕೂ ಉಸುಕು ಸೋಸೂದು ನಂದು. ಮುರಕ ಕಬ್ಬಿಣ ಗಾಡ್ಯಾಗ ಹೇರಿ ಭಟ್ಟಿ ತನಕ ನೂಕೂದು ಅಂವಂದು.

ಬೆಳಗಾವಿಗೆ ಬಂದ ಮ್ಯಾಲೆ ಅಂವ ಮಾತ ಬಿಟ್ಟ. ಜಗಳ ಆಗಿ ಬಿಟ್ಟದ್ದಲ್ಲ. ಊಟಾ ಮಾಡ್ರಿ ಅಂದ್ರ ಹೂಂ. ಮಳಿ ಬಂತ ನೋಡ್ರಿ ಅಂದ್ರ ಹೂಂ. ನಿಮ್ಮ ತಲಿ ಮ್ಯಾಲೆ ಹಂಚ ಬಿತ್ತು ಅಂದ್ರೂ ಹೂಂ ಅಂತಿದ್ದ. ಸೆರೆ ಕುಡೀತಿರಲಿಲ್ಲ, ಕೈ ಎತ್ತತಿರಲಿಲ್ಲ. ಚಾಳಿನ ಹೆಂಗಸ್ರು ನಾ ಪುಣ್ಯೇವಂತಿ ಅಂತಿದ್ರು. ಅವರಿಗೇನ ಗೊತ್ತು. ಎರಡ ಸಲ ಬೇಕಂತ ಸಾರಿಗೆ ಉಪ್ಪ ಹಾಕಲಿಲ್ಲ, ಬೈಲಿ ಅಂತ. ಉಂಡ ಎದ್ದ. ಒಂದ ಖೋಲಿಯೊಳಗ ಒಬ್ಬಾಕಿನ ಇದ್ದಂಗ ಆಗಿತ್ತು ನನಗ. ಮಾತಾಡೂ ಗಂಡ ಖಾನಾಪುರದಾಗ ಉಳದಾನ, ಗಾಡಿ ನೂಕೂ ರಟ್ಟಿ ಅಷ್ಟ ನನ್ನ ಜೋಡಿ ಬಂದಾವ ಅಂತ ಅನಸತಿತ್ತು.

ಬಾಜೂ ಖೋಲಿಯೊಳಗ ದತ್ತೋಬಾ ಅಂತ ಇದ್ದ. ಮರಾಠಿ ಮನಷ್ಯಾ. ಹಳೀ ಎಣ್ಣಿ ಡಬ್ಬಿ ಪತ್ರಾ ಕತ್ತರಿಸಿ ಕಂದೀಲು, ಲಾಳಕಿ, ಚಿಮಣಿಬುಡ್ಡಿ ಮಾಡಿ ಮಾರತಿದ್ದ. ಗುಜರಿ ಪ್ಯಾಟಿ ಸುದ್ದಿ ಎಲ್ಲಾ ಮೊದಲ ಅವನ ಕಿವಿಗೆ. ನನಗ ವೈನಿ ಅಂತಿದ್ದ, ನನ್ನ ಗಂಡಗ ಚ್ಯಾಷ್ಟಿಗೆ ಡ್ರೈವರ್ ಸಾಹೇಬ್ರ ಅಂತಿದ್ದ.

ಆಷಾಢದ ಒಂದ ಸಂಜಿ ಮುಂದ ಬಾಗಲದಾಗ ಬಂದ ನಿಂತ. ಮೈಯಿಂದ ಮಳಿ ನೀರ ಇಳ್ಯಾಕತ್ತಿತ್ತು. "ಡ್ರೈವರ್ ಸಾಹೇಬ್ರ, ನಿಮ್ಮ ಕರೆವ್ವನ್ನ ಗುಜರಿಯವ್ರು ತಗೊಂಡ್ರಂತ. ಮಳಿ ಹಿಂದ ಸರದ ಕೂಡ್ಲೆ ಗ್ಯಾಸ್ ಹಚ್ಚಿ ತುಂಡ ತುಂಡ ಮಾಡ್ತಾರಂತ."

ನಮ್ಮಾಂವ ಕೈಯಾಗಿನ ತುತ್ತ ಗಂಗಾಳಕ್ಕ ಇಟ್ಟ. ನಾ ದತ್ತೋಬಾನ್ನ ಕೆಕ್ಕರಿಸಿ ನೋಡಿದೆ. ಅಂವಗೂ ತಪ್ಪಿದ್ದು ತಿಳೀತು. ತಿಪ್ಪಿ ಸಾರಸಾಕ ಹೋಗಿ, "ಅಲ್ರೀ, ಹಂಗ್ಯಾಕ ಮಾರಿ ಮಾಡ್ತೀರಿ? ಒಂದ ಸಣ್ಣ ಕರೆವ್ವನ್ನ ಮಾಡ್ಕೊಂಡ ಮನ್ಯಾಗ ಗೂಟಕ್ಕ ಕಟ್ಟಿ ಬಿಡ್ರಿ. ಪತ್ರಾ ನಂದು ಫುಕಟ್" ಅಂದ.

"ಪತ್ರಾದಲೆ ಆಗೂದಿಲ್ಲೋ," ಅಂದ ನಮ್ಮಾಂವ. "ಬಾಯ್ಲರಿಗೆ ತಾಂಬ್ರ ಬೇಕು. ಪತ್ರಾ ಉಗಿ ತಡಿಯೂದಿಲ್ಲ."

ಬೆಳಗಾವಿಗೆ ಬಂದ ಮ್ಯಾಲೆ ಅಷ್ಟ ಉದ್ದ ಮಾತು ಅಂವ ಆಡಿರಲಿಲ್ಲ. ಒಲಿ ಮ್ಯಾಲಿನ ರೊಟ್ಟಿ ಹೊತ್ತತು. ಹೊತ್ತಲಿ ಅಂತ ಬಿಟ್ಟೆ.

ಮುಂದಿನ ಸೂಟಿ ದಿನ, "ಖಾನಾಪುರಕ್ಕ ಬರತೀಯೇನ? ಅಳತಿ ತಗೋಬೇಕು" ಅಂತ ಕೇಳಿದ. ನಾ ರೊಟ್ಟಿ ಕಟಗೊಂಡ ಆಗಿತ್ತು.

ಮುಂಜಾನಿ ಪ್ಯಾಸೆಂಜರ್ ಹಿಡದ್ವಿ. ಖಾನಾಪುರದ ಮಳಿ ಅಂದ್ರ ಬೆಳಗಾವಿಯವ್ರಿಗೆ ತಿಳಿಯೂದಿಲ್ಲ. ಛತ್ರಿ ಇದ್ರೂ ಇರಲಿಕ್ರೂ ಒಂದ. ಶೆಡ್ಡಿನ ಮುಂದ ಕಾವಲಿಗೆ ಪರಸು ಅನ್ನಾಂವ ಇದ್ದ, ನಮ್ಮ ಹಳೀ ಗುರ್ತಿನಾಂವ. "ಸುಪರ್ವೈಜರ್ ಸಂತಿಗೆ ಹೋಗ್ಯಾನ. ಅಂವ ಬರೂದರಾಗ ಮುಗಸ್ರಿ. ಕದಿಯೂವಂಥಾದ್ದು ಏನೂ ಉಳದಿಲ್ಲ, ಅಳತಿ ಅಷ್ಟ ಕದಕೊಂಡ ಹೋಗ್ರಿ," ಅಂದ.

ಇಂಜಿನ್ನಿಗೆ ತುಕ್ಕ ಹತ್ತಿತ್ತು. ಚಿಮಣಿಯೊಳಗ ಹಕ್ಕಿ ಗೂಡ ಕಟ್ಟಿತ್ತು. ಗಾಲಿಗೆ ಬಳ್ಳಿ ಸುತ್ತಿತ್ತು. ನಮ್ಮಾಂವ ಆ ಬಳ್ಳಿ ಕಿತ್ತ ಒಗದ. ಆಮ್ಯಾಲೆ ಅಂಗಿ ಕಳದು ನನ್ನ ಕೈಯಾಗ ಕೊಟ್ಟು ಕೆಸರಿನ್ಯಾಗ ಮಲಗಿ ಅದರ ಬುಡಕ ಹ್ವಾದ. "ನೀ ಮ್ಯಾಲಿಂದ ಅಳಿ. ಬಾಯ್ಲರ್, ಚಿಮಣಿ, ನಾ ನಿಲ್ಲತಿದ್ದ ಗೂಡು. ಕೆಳಗಿಂದು ನಂದು. ಇಬ್ಬರೂ ಕೂಡಿ ಮಾಡಿದ್ರ ಜಲ್ದಿ ಆಗತೈತಿ."

"ಯಾವುದರಲೆ ಅಳೀಲಿ?"

"ಗೇಣಿನಲೆ. ದೊಡ್ಡದರ ಒಂದ ಗೇಣು ಅಂದ್ರ ಸಣ್ಣದರ ಒಂದ ಬೆರಳು. ಅಷ್ಟ ಸಣ್ಣದ ಮಾಡೂಣು."

ನಮ್ಮ ಮಂದಿ ಅಳಿಯೂದ ಹಂಗ. ಒಲಿ ಹಾಕೂ ಮುಂದ ಗೇಣು, ಬಾಗಲಾ ಇಡೂ ಮುಂದ ಮೊಳ. ಫೂಟಪಟ್ಟಿ ಇದ್ರ ಸಾಲಿ ಹುಡುಗೂರ ಕೈಯಾಗ ಇರತಿತ್ತು. ನಾ ಸೀರಿ ಕಚ್ಚಿ ಹಾಕ್ಕೊಂಡು ಹತ್ತಿದೆ. ಗೇಣ ಇಡಕೋತ ಹ್ವಾದೆ, ಒಂದ ಗೇಣಿಗೆ ಒಂದ ಗಂಟಿನಂಗ ಹುರಿಗೆ ಗಂಟ ಹಾಕ್ಕೋತ ಹ್ವಾದೆ. ಬಾಯ್ಲರಿಗೆ ಒಂದ ಹುರಿ, ಚಿಮಣಿಗೆ ಒಂದು, ಗೂಡಿಗೆ ಒಂದು. ಅಂವ ಕೆಳಗಿಂದ, "ಎಷ್ಟಾತು?" ಅಂತ ಒದರಾಂವ. "ಗಂಟ ಹಾಕಾಕತ್ತೀನಿ, ಸುಮ್ಮನಿರ್ರಿ, ಲೆಕ್ಕ ತಪ್ಪತೈತಿ" ಅನ್ನಾಕಿ ನಾ. ಅಂವಗ ಹುರಿ ಬೇಕಾಗಿರಲಿಲ್ಲ. ಎಲ್ಲಾ ತಲ್ಯಾಗ ಇಟಗೊಂಡ.

ಹೊರಗ ಬರೂ ಮುಂದ ಅಂವ ಹಿಂದ ಹೊಳ್ಳಿ ನೋಡಲಿಲ್ಲ. ನಾ ನೋಡಿದೆ. ಕಬ್ಬಿಣ ಅದು. ಮಳಿ ಸೋರಾಕತ್ತಿತ್ತು ಅದರ ಮ್ಯಾಲೆ.

ಮಾಡಾಕ ರೊಕ್ಕ ಎಲ್ಲಿಂದ ಬರಬೇಕು. ಸಿಕ್ಕಿದ್ದರಾಗ ಮಾಡಿದ್ವಿ. ದತ್ತೋಬಾನ ಗುಜರ್ಯಾಗ ನೀರ ಕಾಸೂ ಬಂಬ ಒಂದು ತೂತ ಬಿದ್ದದ್ದಿತ್ತು. ಅದರ ನಡುವಿನ ತಾಂಬ್ರದ ಕೊಳವಿ ತಗದು, ಸೀಳಿ, ಸಣ್ಣದಾಗಿ ಸುತ್ತಿ ಬಾಯ್ಲರ್ ಮಾಡಾಕ ಇಟ್ಟ. ಹಳೀ ಸೈಕಲ್ ಪಂಪು ಪಿತಾಳಿದು, ಅದನ್ನ ಕೊಯ್ದು ಎರಡ ತುಂಡ ಮಾಡಿದ್ರ ಉಗಿ ಹೋಗಿ ದಬ್ಬೂ ಜಾಗಾ ಆತು. ಛತ್ರಿ ಕಡ್ಡಿ ಗಾಲಿ ತಿರಗಸೂ ಸಳಿ ಆದ್ವು. ನನ್ನ ಕುಪ್ಪಸದ ಗುಂಡಿ ಒಂದು ಎಲ್ಲೋ ಒಳಗ ಹೋಗೇತಿ, ಎಲ್ಲಿ ಅಂತ ಹೇಳಿದ್ದ, ನನಗ ನೆನಪಿಲ್ಲ.

ಗಾಲಿ ನನ್ನ ಕೆಲಸ. ಅಂವ ಕಟಗಿಯೊಳಗ ಗಾಲಿ ಕೊರದು ಕೊಟ್ಟ, ಬೇಕಾದ್ದಕ್ಕಿಂತ ಕೂದಲೆಳಿ ದೊಡ್ಡದು. ಕಾಸಿದ ಕಬ್ಬಿಣ ಆರಿದ ಮ್ಯಾಲೆ ಕುಗ್ಗತೈತಿ, ಅದಕ್ಕ. ನಾ ದಿನಾ ಸೋಸೂ ಉಸುಕಿನ್ಯಾಗ ಅದನ್ನ ಒತ್ತಿ ಸಣ್ಣ ಅಚ್ಚ ಮಾಡಿ, ಸಂಜಿಕ ಎರಕ ಮುಗದ ಮ್ಯಾಲೆ ಸೌಟಿನ್ಯಾಗ ಉಳದ ಕಬ್ಬಿಣ ಹನಿಸಿಗೊಂಡೆ. ನಮ್ಮ ಮ್ಯಾಲಿನ ಮುಕಾದಮ ನೋಡಿದ. "ಏನ ಗಂಗವ್ವಾ, ಏನ ನಡಸೀದಿ?"

"ನಿಮ್ಮ ಹೆಂಡ್ತಿಗೆ ಕಿವಿಯಾನ ಓಲಿ ಮಾಡಾಕತ್ತೀನ್ರಿ."

"ಆಕಿ ಕಿವಿಗೆ ಸಣ್ಣವಾದ್ವಲ್ಲ," ಅಂತ ನಕ್ಕೋತ ಹ್ವಾದ. ಬ್ಯಾಡ ಅನ್ನಲಿಲ್ಲ.

ಶ್ರಾವಣ ಹಂಗ ಹ್ವಾತು. ಫೌಂಡ್ರಿಯಿಂದ ಬಂದು ಚಾ ಕುಡದು ಬೆಳಕ ಇರೂ ತನಕ ಕಟ್ಟಿ ಮ್ಯಾಲೆ ಕುಂತು ತಿಕ್ಕತಿದ್ದ, ಬಡೀತಿದ್ದ. ಬಾಯಿಂದ ಒಂದೊಂದ ಮಾತು ಬರಾಕ ಹತ್ತಿತ್ತು. ಹಿಡಿ. ಅದಲ್ಲ, ಆ ಬಾಜೂದು. ಊದು. ಸಾಕು. ಬರೇ ಕೆಲಸದ ಮಾತು. ನನಗ ಅಷ್ಟ ಸಿಕ್ಕರೂ ಸಿಕ್ಕಂಗ. ತಾಂಬ್ರಕ್ಕ ದತ್ತೋಬಾ ಬೆಸಗಿ ಹಾಕಿ ಕೊಟ್ಟ. ಗಣಪತಿ ಕಳಿಸಿ ಆಗೂದಕ್ಕ, ಖಾನಾಪುರದಾಗ ಕರೆವ್ವನ್ನ ಕೊಯ್ದು ಲಾರಿಗೆ ಹೇರಿದ್ರು ಅನ್ನೂ ಸುದ್ದಿನೂ ಬಂತು. ತುಂಡು ಎಲ್ಲೆಲ್ಲಿ ಹ್ವಾದ್ವೊ. ನಮ್ಮ ಭಟ್ಟಿಗೂ ಬಂದಿರಬಹುದು. ಮುರಕ ಗಾಡಿ ನೂಕಾಂವ ಅಂವನ. ಗುರ್ತ ಸಿಕ್ಕಿತ್ತೋ ಇಲ್ಲೊ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ.

ಆಮ್ಯಾಲೆ ಒಂದ ದಿನ ಕೆಳಗಿಂದೂ ಮ್ಯಾಲಿಂದೂ ಕೂಡಸಾಕ ಕುಂತ. ಗಾಲಿ ಮ್ಯಾಲಿನ ಚೌಕಟ್ಟ ನೆಟ್ಟಗ ಕುಂತಿತ್ತು. ಅದರ ಮ್ಯಾಲೆ ಬಾಯ್ಲರ್ ಇಟ್ಟ. ಕೂಡಲಿಲ್ಲ. ಮುಂದ ಬೆರಳಗಟ್ಲೆ ಹೊರಗ ಚಾಚಿತು. ಹಿಂದ ಗೂಡು ಗಾಳ್ಯಾಗ ನೇತಾಡಿತು. ಚಿಮಣಿ ಎಲ್ಲಿರಬೇಕಿತ್ತೊ ಅಲ್ಲಿಲ್ಲ. ಗಿಡ್ಡ ಕುದರಿ ಮ್ಯಾಲೆ ಉದ್ದ ಮನಷ್ಯಾ ಮಲಗಿದಂಗ ಕಾಣತಿತ್ತು.

ದತ್ತೋಬಾ, "ಮ್ಯಾಲಿಂದ ಕಚ್ಚನ ಕತ್ತರಸೂಣು. ಯಾರ ನೋಡ್ತಾರ?" ಅಂದ.

"ಎಷ್ಟ ಕತ್ತರಸ್ತಿ? ಯಾವುದ ತಪ್ಪು ಅಂತ ಗೊತ್ತೈತೇನ ನಿನಗ?" ನಮ್ಮಾಂವ ಎರಡೂ ಕೈ ಮೊಣಕಾಲ ಮ್ಯಾಲೆ ಇಟಗೊಂಡು ಕುಂತ. ನನ್ನ ಕಡೆ ಹೊಳ್ಳಿ ಅಂದ, "ಗಂಗೀ, ನನಗ ಮರತ ಹೋಗೇತಿ. ಇಷ್ಟ ವರ್ಷ ಅದರ ಬುಡಕ ಮಲಗಿ ಎಣ್ಣಿ ಬಿಟ್ಟೀನಿ. ಅಳತಿ ತಲ್ಯಾಗ ಐತಿ ಅಂದೆ. ತಲ್ಯಾಗ ಏನೂ ಇಲ್ಲ."

ನೋಡಿ ಬರೂಣು ಅಂದ್ರ ಖಾನಾಪುರದಾಗ ಇನ್ನ ಏನೂ ಉಳದಿರಲಿಲ್ಲ. ಗೋಣಿ ಚೀಲದಾಗ ಸುತ್ತಿ ಹೊರಸಿನ ಬುಡಕ ನೂಕಿದ. ಅವತ್ತಿಂದ ಹೂಂ ಸೈತ ನಿಂತಿತು. ಫೌಂಡ್ರಿಯೊಳಗ ಗಾಡಿ ನೂಕೂ ಮುಂದ ಯಾರರೆ ದಾರ್ಯಾಗ ನಿಂತ್ರ, ಸರೀರಿ ಅನ್ನೂದಿಲ್ಲ, ಗಾಡಿ ಹಿಡದ ಅಲ್ಲೇ ನಿಲ್ಲತಿದ್ದ. ಖಾನಾಪುರದಿಂದ ಬಂದಾಗ ಅಂವಗ ಇಂಜಿನ್ ಇಲ್ಲ ಅನ್ನೂದಿತ್ತು, ಈಗ ಅದರ ನೆನಪೂ ತನ್ನದಲ್ಲ ಅಂತ ಆಗಿತ್ತು. ನನಗ ಹೆದರಿಕಿ ಬಂತು ಖರೇ. ಹೆದರಿಕಿ ಬಂದ್ರ ನಾ ಅಳಾಕಿ ಅಲ್ಲ, ಜಗಳಾ ತಗಿಯಾಕಿ. ಆ ದಿನಗಳೊಳಗ ಚಾಳಿನ ನಳದ ಮುಂದ ನನ್ನ ಕಡೆಯಿಂದ ಬೈಸಿಗೊಳ್ಳದಾಕಿ ಒಬ್ಬಾಕಿ ಉಳೀಲಿಲ್ಲ.

ಅದ ಸಿಟ್ಟ ದಸರಾಕ್ಕ ಕೆಲಸಕ್ಕ ಬಂತು.

ಖಂಡೇ ಪೂಜಿ ದಿನ ಫೌಂಡ್ರಿಯೊಳಗ ಭಟ್ಟಿ ಆರಿಸಿ, ಹತ್ಯಾರ, ಗಾಡಿ ಎಲ್ಲಾ ತೊಳದು ಬಳದು ಪೂಜಿ ಮಾಡತಿದ್ರು. ಮುಕಾದಮ ನನ್ನ ಚೆಂಡುಹೂವಿನ ಮಾಲಿ ತರಾಕ ರವಿವಾರ ಪೇಟೆಗೆ ಕಳಿಸಿದ. ಅಲ್ಲಿ ಒಬ್ಬಾಕಿ ಮೊಳ ಹಾಕಿ ಮಾಲಿ ಕೊಡಾಕತ್ತಿದ್ಲು. ಹೆಂಗಸು ಇಷ್ಟುದ್ದ, ಕೈ ಇಷ್ಟ.

"ಏ ಬಾಯಿ, ಕೈ ಚಾಚಿ ಅಳಿ. ಮೊಳ ಐತೊ, ಕೋಳಿ ಕಾಲ ಐತೊ ಅದು?"

"ಅಯ್ಯ ಅಕ್ಕಾರ, ದೇವ್ರ ಕೊಟ್ಟ ಕೈ, ಜಗ್ಗಿದ್ರ ಉದ್ದ ಆಗತೈತೇನ್ರಿ? ನಂಬಿಕಿ ಇಲ್ಲಂದ್ರ ನಿಮ್ಮ ಕೈಲೆ ಅಳಕೋರಿ. ಹೆಚ್ಚಾದ್ರ ನನಗ ಕೊಡ್ರಿ, ಕಡಿಮಿ ಆದ್ರ ನಿಮ್ಮ ಮನ್ಯಾನವ್ರಿಗೆ ಹೇಳ್ರಿ."

ನಾ ಕಸಗೊಂಡು ನನ್ನ ಮೊಣಕೈಯಿಂದ ಅಳದೆ. ಕಡಿಮಿನ ಬಂತು. "ನೋಡ, ನೋಡ, ನಿನ್ನ ಕೈಯಾಗ ಹೆಚ್ಚ, ನನ್ನ ಕೈಯಾಗ ಕಡಿಮಿ. ಮಾಲಿ ಅಂತೂ ಅದ" ಅಂತ ಒದರಾಕ ಬಾಯಿ ತಗದಾಕಿ, ಅಲ್ಲಿಗೇ ನಿಂತೆ.

ಮಾಲಿ ಅಂತೂ ಅದ. ಇಂಜಿನ್ನೂ ಅದ. ಕೈ ಬ್ಯಾರೆ.

ಆಕಿ, "ಯಾಕ್ರೀ ಅಕ್ಕಾರ, ಗಾಳಿ ಬಡೀತೇನ?" ಅಂದ್ಲು. ಆಕಿ ಕೇಳಿದಷ್ಟು ಕೊಟ್ಟು, ಮಾಲಿ ಎಲ್ಲಾ ಕೊಳ್ಳಾಗ ಹಾಕ್ಕೊಂಡು ನಡದೆ. ಓಡಿದೆ ಅಂದ್ರೂ ಸುಳ್ಳಲ್ಲ.

ಫೌಂಡ್ರಿಯೊಳಗ ಎಲ್ಲಾರೂ ಪೂಜಿಗೆ ಕೂಡಿದ್ರು. ನಮ್ಮಾಂವ ತನ್ನ ಗಾಡಿ ತೊಳದು ಅದರ ಬಾಜೂಕ ನಿಂತಿದ್ದ. ಹೋದಾಕಿನ ಅಂದೆ, "ಕೈ ತಗೀರಿ."

ಅಂವ ನೋಡಿದ. ಕೈ ಗಾಡಿ ಮ್ಯಾಲೇ ಇತ್ತು.

"ಕೈ ತಗೀರಿ ಅಂದ್ನೆಲ್ಲ, ಗೇಣ ಮಾಡ್ರಿ!" ಅಂತ ಅವನ ಕೈ ಹಿಡದು ಎಳದು ನನ್ನ ಕೈಗೆ ಹಚ್ಚಿದೆ. ಅಂಗೈಗೆ ಅಂಗೈ, ಹೆಬ್ಬೆಟ್ಟಿಗೆ ಹೆಬ್ಬೆಟ್ಟು. ಅವನ ಕಿರುಬೆರಳು ನನ್ನ ಕಿರುಬೆರಳ ದಾಟಿ ಹೊರಗ ಹೋಗಿತ್ತು. ಲಗ್ನದಾಗ ಅಯ್ನಾರು ಹಿಡಸಿದ್ದ ಬಿಟ್ರ ಮಂದಿ ಮುಂದ ಅವನ ಕೈ ನಾ ಹಿಡದದ್ದು ಅದ ಮೊದಲು. ಕಬ್ಬಿಣ ಹೊತ್ತು ಹೊತ್ತು ಒರಟಾಗಿತ್ತು ಆ ಕೈ. ಬಿಸಿ ಇತ್ತು.

ಮುಕಾದಮ, "ಏನಪಾ ಇದು, ಮಾಲಿ ಹಾಕ್ಕೊಂಡು, ಕೈ ಕೈ ಹಿಡಕೊಂಡು! ಖಂಡೇ ಪೂಜಿಯೊಳಗ ಮತ್ತೊಮ್ಮೆ ಲಗ್ನ ನಡದೈತೇನ? ಅಕ್ಕಿಕಾಳ ತರಸಲೇನ?" ಅಂದ. ಎಲ್ಲಾರೂ ಹೋ ಅಂತ ನಕ್ರು.

ನಮ್ಮಾಂವ ನಗಲಿಲ್ಲ. ಕೈ ನೋಡಾಕತ್ತಿದ್ದ. ಆಮ್ಯಾಲೆ ಗಾಡಿ ಅಂಚಿನ ಮ್ಯಾಲೆ ತನ್ನದೊಂದ ಗೇಣ ಇಟ್ಟ, ನನ್ನ ಕೈ ತಗೊಂಡು ನಂದೊಂದ ಇಟ್ಟ. ಅಳಕೋತ ಆ ತುದಿಗೆ ಹ್ವಾದ. ಅವನ ಆರು ಗೇಣು ಅಂದ್ರ ನನ್ನ ಏಳು.

"ಮ್ಯಾಲಿಂದ ನಿನ್ನ ಗೇಣು," ಅಂದ.

"ಹೂಂ."

"ಕೆಳಗಿಂದ ನಂದು."

"ಹೂಂ."

"ಅಲ್ಲಲೇ ಹುಚ್ಚೀ, ನಿನ್ನ ಕೈ ಸಣ್ಣದು ಅಂತ ಅವತ್ತ ಹೇಳಬೇಕಿಲ್ಲೇನ?"

"ಗೇಣಿನಲೆ ಅಳಿ ಅಂದ್ರಿ. ಯಾರ ಗೇಣಂತ ಹೇಳಿದ್ರೇನ? ನನ್ನ ಕೈ ಸಣ್ಣದು ಅಂತ ಇಷ್ಟ ವರ್ಷದಾಗ ನಿಮಗ ಗೊತ್ತಾಗಬೇಕಿಲ್ಲೇನ?"

ಆವಾಗ ನಕ್ಕ. ಎಂಥಾ ನಗು ಅಂತೀರಿ, ಗಾಡಿ ಹಿಡಕೊಂಡ ಕೆಳಗ ಕುಂತ ಬಿಟ್ಟ. "ಮರತಿಲ್ಲ ಗಂಗೀ. ನನಗ ಒಂದೂ ಮರತಿಲ್ಲ. ಮುಕಾದಮ್ರ, ಕೇಳ್ರಿಲ್ಲೆ, ನಮ್ಮಾಕಿ ಏನ ಮಾಡ್ಯಾಳ..." ಅಂತ ಸುರು ಮಾಡಿದಾಂವ, ಪೂಜಿ ಮುಗದು ಪ್ರಸಾದ ಹಂಚಿದ್ರೂ ನಿಲ್ಲಸಲಿಲ್ಲ. ಖಾನಾಪುರದ ಶೆಡ್ಡು, ಹಕ್ಕಿ ಗೂಡು, ಹುರಿ ಗಂಟು, ಎಲ್ಲಾ ಹೇಳಿದ.

ತಾಂಬ್ರ ಬಿಚ್ಚಿ, ಕೊಯ್ದು, ಮತ್ತ ಸುತ್ತಿ, ಮತ್ತ ಬೆಸಗಿ. ದತ್ತೋಬಾ, "ವೈನಿ, ನಿಮ್ಮ ಕೈಯಿಂದ ನನಗ ಎರಡ ಸಲ ಕೆಲಸ" ಅಂತ ಗೊಣಗಿದ, ಆದ್ರ ಮಾಡಿ ಕೊಟ್ಟ. ಈ ಸಲ ಚಿಮಣಿ ಎಲ್ಲಿರಬೇಕೊ ಅಲ್ಲೇ ಬಂದ ನಿಂತಿತು.

ದೀಪಾವಳಿ ಪಾಡ್ಯಾದ ದಿನ ಮಧ್ಯಾಹ್ನ ಓಡಿಸಿದ್ವಿ. ಪೆಟಗಿ ಸುತ್ತ ಬಿಗಿಯೂ ಕಬ್ಬಿಣದ ಪಟ್ಟಿ ಇರತಾವಲ್ಲ, ಅವನ್ನ ಕಟಗಿ ತುಂಡಿನ್ಯಾಗ ಸೀಳ ಹೊಡದು ನಿಲ್ಲಿಸಿದ್ರ ಅದ ಹಳಿ. ಚಾಳಿನ ಈ ತುದಿಯಿಂದ ಆ ತುದಿ ತನಕ ಹಾಸಿದ್ವಿ. ಕಪಾಟಿಗೆ ಪಾಲಿಶ್ ಮಾಡಾವ್ರ ಕಡೆ ಒಂದ ಬಾಟಲಿ ಸ್ಪಿರಿಟ್ ಬೇಡಿ ತಂದಿದ್ದ. ಅದನ್ನ ಬಾಯ್ಲರ್ ಬುಡಕ ಹಾಕಿ ಬತ್ತಿ ಹಚ್ಚಿದ. ನೀಲಿ ಉರಿ, ಬಿಸಿಲಿಗೆ ಕಾಣತಿರಲಿಲ್ಲ, ವಾಸನಿ ಅಷ್ಟ ಬರತಿತ್ತು. ಎಲ್ಲಾರೂ ಬಾಗಲದಾಗ ನಿಂತ್ರು. ಕರೆವ್ವ ಸುಂಯ್ ಅಂದ್ಲು, ಎಲ್ಲಿಂದೊ ನೀರ ಉಗಳಿದ್ಲು, ಗಾಲಿ ಕದಲಲಿಲ್ಲ.

"ಖರೇನ ಗೂಟಕ್ಕ ಕಟ್ಟೀರೇನ್ರಿ?" ಅಂದ ದತ್ತೋಬಾ.

ನಮ್ಮಾಂವ ಬಾಗಿ ಬೆರಳಿಲೆ ಗಾಲಿಗೆ ಒಂದೀಟ ತಟ್ಟಿದ. ನಡದ್ಲು. ಸಾವಕಾಶ, ಆಮ್ಯಾಲೆ ಜೋರಾಗಿ, ಖಾನಾಪುರದಾಗ ಹೆಂಗ ಏದತಿದ್ಲೊ ಹಂಗ ಏದಕೋತ. ಸೀಟಿ ಮಾಡಾಕ ನಮಗ ಬಂದಿರಲಿಲ್ಲ. ಅಂವ ಬಾಯಿಲೆ ಕೂ ಅಂದ. ಬಾಗಿ ಬಾಜೂಕ ನಡಕೋತ, "ನಡಿ ನಮ್ಮವ್ವಾ, ಹುಣಸಿಮರ ಬಂತು, ತಿರವು ಐತಿ, ತಡಿ, ತಡಿ, ಈಗ ಇಳುಕಲ, ಓಡಬ್ಯಾಡ" ಅನ್ನಾಕತ್ತಿದ್ದ. ಚಾಳಿನ ಮಂದಿಗೆ ಹುಣಸಿಮರ ಎಲ್ಲೈತಿ ಅಂತ ತಿಳೀಲಿಲ್ಲ. ನನಗ ಕಾಣಾಕತ್ತಿತ್ತು.

ನಿಲ್ಲಸೂದ ಹೆಂಗ ಅಂತ ಯಾರೂ ವಿಚಾರ ಮಾಡಿರಲಿಲ್ಲ. ಹಳಿ ಮುಗೀತು, ಕರೆವ್ವ ಹೋಗಿ ದತ್ತೋಬಾನ ಕಂದೀಲಿನ ರಾಶಿಯೊಳಗ ಬಿದ್ಲು.

ಅದು ಈಗ ಮಗಳ ಮನ್ಯಾಗ ಅಟ್ಟದ ಮ್ಯಾಲೆ ಐತಿ. ತಾಂಬ್ರ ಹಸರಾಗೇತಿ. ಅದನ್ನ ಇಳಿಸಿ ತಿಕ್ಕಿ ಇಡಲೇನ ಅಂತ ಮಗಳು ಕೇಳ್ತಾಳ. ಬ್ಯಾಡ ಅಂತೀನಿ. ಆ ಕಬ್ಬಿಣದ ಮ್ಯಾಲೆ ನನಗ ಆಶಾ ಇಲ್ಲ. ಅಂವ ಹೋಗಿ ಭಾಳ ವರ್ಷ ಆದ್ವು. ಆ ದಸರಾದಿಂದ ಸಾಯೂ ತನಕ ಅಂವ ಬಾಯಿ ಮುಚ್ಚಲಿಲ್ಲ. ಏನೇನ ಮಾತಾಡಿದ ಅಂತ ಕುಂತ ನೆನಸಿದ್ರ ಕೈಗೆ ಏನೂ ಹತ್ತೂದಿಲ್ಲ. ದನಿ ಐತಿ, ಮಾತಿಲ್ಲ.

ದೀಪಾವಳಿ ಸೂಟಿ ಮುಗದು ಕೆಲಸಕ್ಕ ಹೊಂಟದ್ದೊಂದ ಮುಂಜಾನಿ ಮಾತ್ರ ಚಲೋ ನೆನಪೈತಿ. ಮಂಜ ಬಿದ್ದಿತ್ತು. ದಾರಿ ತುಂಬಾ ಅಂವ ಮಾತಾಡಕೋತ ಬಂದ. ಕರೆವ್ವಗ ಬ್ರೇಕ್ ಹೆಂಗ ಹಚ್ಚೂದು, ಹಿಂದ ಎಂಥಾ ಡಬ್ಬಿ ಮಾಡೂದು, ದತ್ತೋಬಾ ಕಂದೀಲಿನ ಗಾಜಿನ ಸಲುವಾಗಿ ಹೆಂಗ ಬಾಯಿ ಮಾಡಿದ. ಫೌಂಡ್ರಿ ಬಾಗಲದಾಗ ಭೋಂಗಾ ಊದಿದ್ರೂ ನಿಲ್ಲಸಲಿಲ್ಲ. "ಸಾಕ್ರಿ, ಕೆಲಸಕ್ಕ ಹೋಗ್ರಿ" ಅಂತ ನಾ ಉಸುಕಿನ ಕಡೆ ಹ್ವಾದೆ. ಭಟ್ಟಿಗೆ ಗಾಳಿ ಬಿಟ್ರು, ಸಪ್ಪಳ ಏರಿತು. ಆ ತುದ್ಯಾಗ ಅಂವ ಗಾಡಿ ನೂಕಾಕತ್ತಿದ್ದ. ಬಾಜೂಕ ಯಾರಿದ್ರೊ ಕಾಣಲಿಲ್ಲ, ಅಂವನ ಬಾಯಿ ಮಾತ್ರ ಆಡಾಕತ್ತಿತ್ತು. ನಡುನಡುವ ನನ್ನ ಕಡೆ ನೋಡಿ ಕೈ ಮಾಡಿ ಏನೊ ಹೇಳಿದ. ಒಂದ ಮಾತೂ ನನಗ ಕೇಳಿಸಲಿಲ್ಲ. ಇರಲಿ, ಸಂಜಿಕ ಮನಿಗೆ ಹೋಗಿ ಕೇಳಿದ್ರಾತು ಅಂತ ಸಾಣಿಗಿ ಅಲ್ಲಾಡಿಸಕೋತ ನಿಂತೆ.